ಊರಿನ ಓದುಗರಿಗೆ ಮುಟ್ಟುವಂತೆ ಬರೆಯುವುದು ಹೇಗೆ

ಉತ್ತರ ಕನ್ನಡದಲ್ಲಿ ಬರೆಯುವವರಿಗೆ ಬರವಿಲ್ಲ. ಕಾರವಾರದ ಬ್ಯಾಂಕ್ ನೌಕರರು, ಕುಮಟೆಯ ನಿವೃತ್ತ ಮಾಸ್ತರರು, ಶಿರಸಿ-ಸಿದ್ದಾಪುರದ ತೋಟಿಗರು, ಹೊನ್ನಾವರದ ಕಾಲೇಜು ಹುಡುಗಿಯರು, ಯಾರನ್ನು ಮಾತಾಡಿಸಿದರೂ ಒಂದು ಕಥೆಯೋ ಒಂದು ಕಟ್ಟು ಕವಿತೆಯೋ ಹೊರಬರುತ್ತದೆ. ಪುಸ್ತಕವೂ ಆಗುತ್ತದೆ. 500ರಿಂದ 1000 ಪ್ರತಿ ಅಚ್ಚು ಹಾಕಿಸುತ್ತಾರೆ, ಬಿಡುಗಡೆಯ ದಿನ ಶಾಲು ಹೊದೆಸುತ್ತಾರೆ, ನಾಲ್ಕು ಜನ ಒಳ್ಳೆಯ ಮಾತಾಡುತ್ತಾರೆ, ಉಳಿದ ಪ್ರತಿಗಳು ಅಟ್ಟ ಹತ್ತುತ್ತವೆ. ಇಷ್ಟೆಲ್ಲ ಆದಮೇಲೂ ‘ಓದಿ ಯಾರಿಗೆ ಸಂತೋಷವಾಯಿತು?’ ಎಂದು ಕೇಳಿದರೆ ಬರೆದವರ ಬಳಿ ಉತ್ತರವಿರುವುದಿಲ್ಲ. ನನಗೆ ಬಹಳ ಬೇಸರ ತರುವ ಸಂಗತಿ ಇದು. ಯಾಕೆಂದರೆ ಈ ಜಿಲ್ಲೆಯಲ್ಲಿ ಓದುವವರಿಗೂ ಬರವಿಲ್ಲ. ದೀಪಾವಳಿ ವಿಶೇಷಾಂಕವನ್ನು ಮನೆಮಂದಿಯೆಲ್ಲ ಸರದಿಯಲ್ಲಿ ಓದುವ ಮನೆಗಳು ಇಲ್ಲಿ ಇನ್ನೂ ಇವೆ.

ಬರೆಯುವವರಿಗೂ ಓದುವವರಿಗೂ ನಡುವಿನ ದಾರಿ ಹೇಗೆ ಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಎಲ್ಲದರ ಹಿಂದೆ ಇರುವ ನಂಬಿಕೆ ಒಂದೇ. ಓದುವವರು ತಿಳಿದವರು. ಹಾಗೆಂದು ಒಪ್ಪಿಕೊಂಡು ಬರೆದ ಬರಹ ಅವರಿಗೆ ಸಂತೋಷ ಕೊಡುತ್ತದೆ. ಏನೂ ಅರಿಯದವರಿಗೆ ಪಾಠ ಹೇಳುವಂತೆ ಬರೆದರೆ ಎರಡನೆಯ ಪುಟಕ್ಕೆ ಎದ್ದು ಹೋಗುತ್ತಾರೆ.

ಮೊದಲು ಒಬ್ಬರನ್ನು ಆರಿಸಿಕೊಳ್ಳಿ

‘ಎಲ್ಲ ಓದುಗರಿಗೂ’ ಎಂದು ಹೊರಟರೆ ಯಾರಿಗೂ ತಲುಪುವುದಿಲ್ಲ. ಬರೆಯಲು ಕೂರುವ ಮೊದಲು ನಿಮಗೆ ಗೊತ್ತಿರುವ, ಮುಖ ನೆನಪಿರುವ ಒಬ್ಬರನ್ನು ಮನಸ್ಸಿಗೆ ತಂದುಕೊಳ್ಳಿ. ಅವರ ಬಗ್ಗೆ ಮೂರು ವಿಷಯ ಬರೆದಿಟ್ಟುಕೊಳ್ಳಿ: ಈ ಸಂಗತಿಯ ಕುರಿತು ಅವರಿಗೆ ಈಗಾಗಲೇ ಏನು ಗೊತ್ತು, ಅವರು ಯಾವ ಹೊತ್ತಿನಲ್ಲಿ ಎಲ್ಲಿ ಕೂತು ಓದುತ್ತಾರೆ, ಈ ಸಂಗತಿ ಅವರಿಗೆ ಯಾಕೆ ಬೇಕು. ಮೂರನೆಯದಕ್ಕೆ ಉತ್ತರ ಹೊಳೆಯದಿದ್ದರೆ ಬೇರೆ ಓದುಗರನ್ನು ಹುಡುಕಿ, ಇಲ್ಲವೇ ಬೇರೆ ಸಂಗತಿಯನ್ನು.

ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತದ ಬಗ್ಗೆ ಬರೆಯುತ್ತೀರಿ ಎಂದಿಟ್ಟುಕೊಳ್ಳೋಣ. ಕುಮಟಾ ತಾಲೂಕಿನ ಗಜನಿ ರೈತರಿಗೆ ‘ಕಗ್ಗ ಉಪ್ಪುನೀರು ತಡೆಯುವ ತಳಿ’ ಎಂದು ಹೇಳುವ ಅಗತ್ಯವೇ ಇಲ್ಲ. ಶಿರಸಿಯವರಿಗೆ ಭತ್ತ ಗೊತ್ತು, ಆದರೆ ಸಮುದ್ರದ ನೀರು ಬಂದುಹೋಗುವ ಗದ್ದೆಯನ್ನು ಅವರು ಕಂಡಿರಲಾರರು. ಬೆಂಗಳೂರಿನಲ್ಲಿ ನೆಲೆಸಿದ ಕುಮಟೆಯ ಹುಡುಗನಿಗೆ ಅಜ್ಜಿ ಮನೆಯ ಕೆಂಪಕ್ಕಿ ಗಂಜಿಯ ರುಚಿ ನೆನಪಿದೆ, ಗದ್ದೆಯ ಇಂದಿನ ಸ್ಥಿತಿ ತಿಳಿಯದು. ಮೂವರಿಗೂ ಒಂದೇ ಲೇಖನ ಸಾಕು, ಆದರೆ ಮೊದಲ ಸಾಲು ಯಾರ ಕಡೆ ಮುಖ ಮಾಡಿದೆ ಎಂಬುದು ಮುಖ್ಯ.

ನಮ್ಮಲ್ಲಿ ಹೆಚ್ಚಾಗಿ ಕಾಣುವ ಮೊದಲ ಸಾಲು ಇಂಥದ್ದು: ‘ಕಗ್ಗ ಎಂಬುದು ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲೂಕಿನಲ್ಲಿ ಬೆಳೆಯಲಾಗುವ ಒಂದು ವಿಶಿಷ್ಟ ಸಾಂಪ್ರದಾಯಿಕ ಭತ್ತದ ತಳಿಯಾಗಿದ್ದು, ತನ್ನದೇ ಆದ ಮಹತ್ವವನ್ನು ಹೊಂದಿದೆ.’ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇದು ಯಾರಿಗೂ ಹೇಳಿದ ಮಾತಲ್ಲ. ಇದನ್ನೇ ಹೀಗೆ ಬರೆದು ನೋಡಿ: ‘ಗಜನಿಯ ಕಟ್ಟೆ ಒಂದು ಕಡೆ ಒಡೆದರೆ ಸಾಕು, ಕಡಲ ಭರತದ ನೀರು ಗದ್ದೆಗೆ ನುಗ್ಗುತ್ತದೆ. ಬೇರೆ ಭತ್ತವಾದರೆ ಅಲ್ಲಿಗೆ ಮುಗಿಯಿತು. ಕಗ್ಗ ಉಪ್ಪುನೀರಿನಲ್ಲಿ ನಿಂತೂ ಕೆಲವು ದಿನ ತಾಳುತ್ತದೆ. ಕೊಯ್ಲು ಆದಮೇಲೆ ಅದೇ ಗದ್ದೆಗೆ ಮೀನು, ಸಿಗಡಿ ಬರುತ್ತವೆ.’ ಗಜನಿ ಎಂದರೇನು ಎಂದು ಇಲ್ಲಿ ಎಲ್ಲೂ ವಿವರಿಸಿಲ್ಲ. ಆದರೂ ಶಿರಸಿಯವರಿಗೆ ಅರ್ಥವಾಯಿತು. ಗಜನಿಯ ರೈತರು ತಲೆದೂಗುತ್ತಾರೆ, ಯಾಕೆಂದರೆ ಕಟ್ಟೆ ಒಡೆಯುವ ಚಿಂತೆ ಅವರದ್ದೇ. ತಾನು ಬಲ್ಲದ್ದನ್ನು ಇನ್ನೊಬ್ಬರು ಸರಿಯಾಗಿ ನೋಡಿದ್ದಾರೆ ಎಂದು ಗೊತ್ತಾದಾಗ ಓದುವವರಿಗೆ ಆಗುವ ಹಿಗ್ಗಿದೆಯಲ್ಲ, ಅದಕ್ಕಿಂತ ದೊಡ್ಡದನ್ನು ನಾನು ಬೇರೆ ಕಂಡಿಲ್ಲ.

ವಿವರ ತಪ್ಪಿದಲ್ಲಿ ನಂಬಿಕೆ ಹೋಗುತ್ತದೆ

ಇಲ್ಲಿನ ಓದುಗರು ಭಾಷೆ ಸ್ವಲ್ಪ ಒರಟಾದರೂ ಸಹಿಸುತ್ತಾರೆ. ಹೊಳೆಯ ದಿಕ್ಕು ತಪ್ಪಿದರೆ ಸಹಿಸುವುದಿಲ್ಲ. ಅಘನಾಶಿನಿಯನ್ನು ಹೊನ್ನಾವರದಲ್ಲಿ ಸಮುದ್ರಕ್ಕೆ ಸೇರಿಸಿದರೆ ಹೊನ್ನಾವರದವರೂ ಕುಮಟೆಯವರೂ ಒಟ್ಟಿಗೆ ಪುಸ್ತಕ ಮುಚ್ಚುತ್ತಾರೆ. ಹೊನ್ನಾವರದಲ್ಲಿ ಸೇರುವುದು ಶರಾವತಿ. ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಲ್ಲಿ ಮೀನು ಹಿಡಿಯುವುದಕ್ಕೆ ನಿಷೇಧ. ನಿಮ್ಮ ಕಥೆಯ ನಾಯಕ ಜುಲೈ ನಡುವೆ ಕಾರವಾರದ ಬೈತಖೋಲ ಬಂದರಿನಿಂದ ಟ್ರಾಲರ್ ಹತ್ತಿ ಹೊರಟರೆ ಮೀನುಗಾರ ಓದುಗರ ಮಟ್ಟಿಗೆ ಕಥೆ ಅಲ್ಲಿಗೆ ಮುಗಿಯಿತು. ಶಿರಸಿಯ ಮಾರಿಕಾಂಬಾ ಜಾತ್ರೆ ನಡೆಯುವುದು ಎರಡು ವರ್ಷಕ್ಕೊಮ್ಮೆ. ‘ಪ್ರತಿ ವರ್ಷದಂತೆ ಜಾತ್ರೆಗೆ’ ಎಂದು ಬರೆದವರನ್ನು ಶಿರಸಿಯವರು ಮುಂದೆ ಯಾವುದಕ್ಕೂ ನಂಬುವುದಿಲ್ಲ. ಕಾರವಾರ–ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿದಿದೆ. 2025ರಲ್ಲಿ ನಡೆಯುವ ಕಥೆಯಲ್ಲಿ ಪ್ರೇಮಿಗಳನ್ನು ಆ ಸೇತುವೆಯ ಮೇಲೆ ನಿಲ್ಲಿಸುವ ಹಾಗಿಲ್ಲ.

ಇದನ್ನು ಸರಿಪಡಿಸಿಕೊಳ್ಳುವ ಕ್ರಮ ಸುಲಭ. ಬರೆದು ಮುಗಿದ ಮೇಲೆ ಇನ್ನೊಂದು ಹಾಳೆ ತೆಗೆದುಕೊಂಡು ಬರಹದಲ್ಲಿ ಬರುವ ಪ್ರತಿ ಊರು, ತಿಂಗಳು, ದೂರ, ಬೆಲೆ, ಕಸುಬಿನ ಕೆಲಸ, ಹಬ್ಬ ಎಲ್ಲವನ್ನೂ ಪಟ್ಟಿ ಮಾಡಿ. ಆಯಾ ಕೆಲಸ ಮಾಡುವವರ ಬಳಿ ಹೋಗಿ ಕೇಳಿ. ಕೇಳುವ ರೀತಿ ಮಾತ್ರ ಗಮನಿಸಬೇಕು. ‘ಇದು ಸರಿ ಇದೆಯಾ?’ ಎಂದರೆ ನಮ್ಮ ಜನ ದಾಕ್ಷಿಣ್ಯಕ್ಕೆ ‘ಹೌದು’ ಎನ್ನುತ್ತಾರೆ. ‘ನೀವು ಇದನ್ನು ಹೇಗೆ ಮಾಡ್ತೀರಿ?’ ಎಂದು ಕೇಳಿ ಸುಮ್ಮನೆ ಕೂತುಕೊಳ್ಳಿ. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರ ಹತ್ತಿರ ಹಾಗೆ ಕೇಳಿದರೆ ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಒದ್ದೆ ಮರ ಹತ್ತುವುದು ಹೇಗೆ, ಒಂದು ಮರದಿಂದ ಇನ್ನೊಂದಕ್ಕೆ ದಾಟುವುದು ಹೇಗೆ, ಯಾವ ಮರವನ್ನು ನಂಬಬಾರದು ಎಂಬುದೆಲ್ಲ ಬರುತ್ತದೆ. ನೀವು ಕೇಳಲು ಹೋಗಿದ್ದು ಒಂದು ತಿಂಗಳ ಹೆಸರನ್ನು; ಸಿಕ್ಕಿದ್ದು ಇಡೀ ಕಥೆ. ಹೀಗೆ ಸಿಕ್ಕಿದ್ದನ್ನೆಲ್ಲ ಬರಹಕ್ಕೆ ತುರುಕಬೇಡಿ. ಒಂದು ಪುಟಕ್ಕೆ ಒಂದು ಗಟ್ಟಿ ವಿವರ ಇದ್ದರೆ ಓದುಗರು ಉಳಿದ ತೋಟವನ್ನು ತಾವೇ ಕಂಡುಕೊಳ್ಳುತ್ತಾರೆ.

ಗೊತ್ತಿರುವ ಕಥೆಗೂ ಜನ ಯಾಕೆ ಕೂರುತ್ತಾರೆ

ಈ ಪ್ರಶ್ನೆಗೆ ಉತ್ತರ, ಕೂತು ಮಾತಿನಲ್ಲೇ ಆಡುವ ಯಕ್ಷಗಾನವಾದ ನಮ್ಮ ತಾಳಮದ್ದಳೆಯಲ್ಲಿದೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಳೆ-ಚಂಡೆ ಇರುತ್ತದೆ, ಎದುರುಬದುರು ಕೂತ ಅರ್ಥಧಾರಿಗಳು ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ಪಾತ್ರ ಕಟ್ಟುತ್ತಾರೆ. ಮುಂದೆ ಕೂತವರಿಗೆ ಪ್ರಸಂಗ ಬಾಯಿಪಾಠ. ಕೃಷ್ಣ ಕರೆದರೂ ಕರ್ಣ ಪಾಂಡವರ ಕಡೆಗೆ ಬರುವುದಿಲ್ಲ ಎಂಬುದು ಅಲ್ಲಿನ ಚಿಕ್ಕ ಹುಡುಗನಿಗೂ ಗೊತ್ತು. ಆದರೂ ಸಿದ್ದಾಪುರ, ಹೊನ್ನಾವರದ ಹಳ್ಳಿಗಳಲ್ಲಿ ಜನ ಎಲೆಯಡಿಕೆಯ ಕವಳ ಹಾಕಿಕೊಂಡು ತಡರಾತ್ರಿವರೆಗೆ ಕೂರುತ್ತಾರೆ. ಕರ್ಣ ಒಲ್ಲೆ ಎನ್ನುತ್ತಾನೆ, ಸರಿ. ಇವತ್ತು ಯಾವ ಮಾತಿನಲ್ಲಿ ಒಲ್ಲೆ ಎನ್ನುತ್ತಾನೆ ಎಂಬುದಕ್ಕೆ ಕಾಯುತ್ತಾರೆ.

ಬರೆಯುವವರು ಇದರಿಂದ ಎರಡು ಕೆಲಸ ಕಲಿಯಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಒಂದು, ಕೊನೆಯನ್ನು ಮುಚ್ಚಿಟ್ಟುಕೊಂಡು ಓದುಗರನ್ನು ಎಳೆಯಬೇಡಿ. ನಿಮ್ಮ ಕಥೆಯ ಅಂತ್ಯವನ್ನು ಒಂದೇ ಸಾಲಿನಲ್ಲಿ ಯಾರಿಗಾದರೂ ಹೇಳಿಬಿಡಿ. ‘ಅಣ್ಣ ತಮ್ಮ ತೋಟ ಪಾಲು ಮಾಡಿಕೊಂಡರು, ಅಮ್ಮ ಯಾರ ಪಾಲಿಗೂ ಬರಲಿಲ್ಲ’ ಎಂದಿರಲಿ. ಅದನ್ನು ಕೇಳಿದ ಮೇಲೂ ಅವರು ‘ಯಾಕೆ? ಏನಾಯಿತು?’ ಎಂದು ಕೇಳಿದರೆ ನಿಮ್ಮ ಕಥೆಗೆ ಜೀವವಿದೆ. ‘ಓ ಹೌದಾ’ ಎಂದು ಬೇರೆ ಮಾತಿಗೆ ಹೋದರೆ, ಕಥೆ ಆ ಒಂದು ಗುಟ್ಟಿನ ಮೇಲೆಯೇ ನಿಂತಿತ್ತು. ಮತ್ತೆ ಬರೆಯಬೇಕು.

ಎರಡು, ಎದುರಿನ ಅರ್ಥಧಾರಿಯನ್ನು ಮರೆಯಬೇಡಿ. ತಾಳಮದ್ದಳೆಯಲ್ಲಿ ಒಬ್ಬರು ಒಂದು ವಾದ ಇಟ್ಟೊಡನೆ ಎದುರಿನವರು ಪ್ರಶ್ನೆ ಎಸೆಯುತ್ತಾರೆ, ಅದಕ್ಕೆ ಅಲ್ಲೇ ಉತ್ತರ ಕೊಡಬೇಕು. ಬರವಣಿಗೆಯಲ್ಲಿ ಆ ಜಾಗದಲ್ಲಿ ಓದುಗರು ಕೂತಿದ್ದಾರೆ, ದನಿ ಮಾತ್ರ ಕೇಳಿಸುವುದಿಲ್ಲ. ‘ತಿಮ್ಮಣ್ಣ ತೋಟ ಮಾರಿದ’ ಎಂದು ಬರೆದ ಕೂಡಲೇ ಅವರು ಒಳಗೇ ಕೇಳುತ್ತಾರೆ: ಎಷ್ಟಕ್ಕೆ? ಅಣ್ಣತಮ್ಮಂದಿರು ಸಹಿ ಹಾಕಿದರಾ? ಕೊಂಡವರು ಊರಿನವರಾ, ಹೊರಗಿನವರಾ? ಈ ಪ್ರಶ್ನೆಗಳನ್ನು ಬಿಟ್ಟು ನೀವು ಸಂಜೆಯ ಆಕಾಶದ ಬಣ್ಣ ಹೇಳಲು ಹೋದರೆ ಅವರ ಕಿವಿ ಅಲ್ಲಿರುವುದಿಲ್ಲ. ಕರಡು ಪ್ರತಿಯ ಅಂಚಿನಲ್ಲಿ, ಪ್ರತಿ ಪ್ಯಾರಾದ ಪಕ್ಕ, ಓದುಗರ ಆ ಕ್ಷಣದ ಪ್ರಶ್ನೆಯನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ಮುಂದಿನ ಪ್ಯಾರಾ ಅದಕ್ಕೆ ಉತ್ತರ ಕೊಡುತ್ತಿದೆಯೇ ನೋಡಿ. ತಡವಾಗಿ ಕೊಟ್ಟರೂ ಆಯಿತು, ಬೇಕೆಂದೇ ತಡ ಮಾಡುತ್ತಿದ್ದೀರಿ ಎಂಬುದು ಅವರಿಗೆ ತಿಳಿಯಬೇಕು.

ಅಚ್ಚಿಗೆ ಮೊದಲು ಕಿವಿಗೆ

ಓದಿ ಕೇಳಿಸದೆ ಯಾವ ಬರಹವನ್ನೂ ಹೊರಗೆ ಕಳಿಸಬೇಡಿ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ನಮ್ಮ ಜಿಲ್ಲೆಯಲ್ಲಿ ಸಾಹಿತ್ಯ ಬಹುಕಾಲ ಕಿವಿಯಿಂದಲೇ ಬದುಕಿದೆ. ಅಂಕೋಲಾ ಬಡಗೇರಿಯ ಸುಕ್ರಿ ಬೊಮ್ಮಗೌಡರು ಅಕ್ಷರ ಕಲಿತವರಲ್ಲ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ಬಾಯಲ್ಲೇ ಉಳಿಸಿ, ಹಾಡಿ ಹಂಚಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಕೇಳುವವರ ಮುಖ ನೋಡಿಕೊಂಡೇ ಬೆಳೆದ ಕಲೆ ಅದು. ಇಂದಿಗೂ ಎಷ್ಟೋ ಮನೆಗಳಲ್ಲಿ ಒಬ್ಬರು ಪೇಪರು ಓದುತ್ತಾರೆ, ಕಣ್ಣು ಮಂಜಾದ ಅಜ್ಜಿ ಕೇಳುತ್ತಾಳೆ. ಅವಳೂ ನಿಮ್ಮ ಓದುಗರಲ್ಲೊಬ್ಬಳು.

ಕೂಟ ದೊಡ್ಡದಾಗಬೇಕಿಲ್ಲ. ನಾಲ್ಕೈದು ಜನ, ಒಂದು ಜಗಲಿ, ಮಳೆಗಾಲದ ಒಂದು ಸಂಜೆ ಸಾಕು. ಎಲ್ಲರೂ ಬರೆಯುವವರೇ ಆಗಿರಬಾರದು. ಅಂಗಡಿಯವರು, ಬಸ್ ಕಂಡಕ್ಟರ್, ಅಂಗನವಾಡಿ ಟೀಚರ್ ಇದ್ದರೆ ಒಳ್ಳೆಯದು. ಸಾವಿರ ಪದದ ಬರಹವನ್ನು ನಿಧಾನವಾಗಿ ಓದಲು ಹತ್ತು ನಿಮಿಷ ಬೇಕು, ಅದಕ್ಕಿಂತ ತೀರಾ ಉದ್ದ ಬೇಡ. ಮುನ್ನುಡಿ ಹೇಳಬೇಡಿ. ‘ಇದು ನಾನು ಯಾಕೆ ಬರೆದೆ ಅಂದರೆ’ ಎಂದು ಶುರು ಮಾಡಿದರೆ ಪರೀಕ್ಷೆಯೇ ಕೆಟ್ಟಿತು, ಯಾಕೆಂದರೆ ನಾಳೆ ಓದುವವರ ಪಕ್ಕದಲ್ಲಿ ನೀವು ಕೂತಿರುವುದಿಲ್ಲ.

ಸಾಧ್ಯವಾದರೆ ನೀವೇ ಓದದೆ ಬೇರೆಯವರ ಕೈಗೆ ಕೊಡಿ. ನಿಮಗೆ ನಿಮ್ಮ ವಾಕ್ಯ ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಗೊತ್ತು, ಅವರಿಗೆ ಗೊತ್ತಿಲ್ಲ. ಅವರು ಎಡವಿದಲ್ಲಿ, ಒಂದು ಸಾಲನ್ನು ಮತ್ತೆ ಹಿಂದಿನಿಂದ ಓದಿದಲ್ಲಿ, ನಿಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಳ್ಳಿ. ಕೇಳುವವರಲ್ಲಿ ಯಾರಾದರೂ ಹೊರಗೆ ಮಳೆ ನೋಡಿದರೆ, ಫೋನ್ ತೆಗೆದು ನೋಡಿದರೆ, ಅದಕ್ಕೂ ಗುರುತು.

ಆಮೇಲೆ ‘ಹೇಗಿದೆ?’ ಎಂದು ಮಾತ್ರ ಕೇಳಬೇಡಿ. ‘ಚಲೋ ಇದ್ದು’ ಎನ್ನುತ್ತಾರೆ. ಮನೆಗೆ ಬಂದವರು ಕಾಫಿ ಕುಡಿದು ಹೇಳುವ ಮಾತು ಅದು, ಅದರಲ್ಲಿ ಪ್ರೀತಿ ಇದೆ, ನಿಮ್ಮ ಬರಹದ ಸುದ್ದಿ ಇಲ್ಲ. ಇವನ್ನು ಕೇಳಿ: ಎಲ್ಲಿ ದಾರಿ ತಪ್ಪಿತು? ಯಾವುದು ನೆನಪು ಉಳಿಯಿತು? ಮನೆಗೆ ಹೋಗಿ ಇದರಲ್ಲಿ ಏನನ್ನು ಹೇಳುತ್ತೀರಿ? ಮೂರನೆಯದು ಬಹಳ ದೊಡ್ಡ ಪ್ರಶ್ನೆ. ಓದಿದ್ದನ್ನು ಇನ್ನೊಬ್ಬರಿಗೆ ಹೇಳಬೇಕು ಎನಿಸುವುದೇ ಓದುಗರ ಸಂತೋಷದ ನಿಜವಾದ ಗುರುತು. ಅವರು ಉತ್ತರ ಕೊಡುವಾಗ ವಾದಕ್ಕೆ ಇಳಿಯಬೇಡಿ, ಬರೆದುಕೊಳ್ಳಿ. ಇಬ್ಬರು ಒಂದೇ ಜಾಗ ತೋರಿಸಿದರೆ ಅದನ್ನು ತಿದ್ದಲೇಬೇಕು. ಒಬ್ಬರೇ ಹೇಳಿದ್ದಾದರೆ ಎರಡು ದಿನ ಬಿಟ್ಟು ಯೋಚಿಸಿ.

ಮಾತು, ಉದ್ದ, ಮತ್ತೆ ನಗು

ಸಂಭಾಷಣೆಯಲ್ಲಿ ಊರಿನ ಮಾತು ಬರಲಿ. ಶಿರಸಿಯ ಹವ್ಯಕರ ಮನೆಯ ಅಜ್ಜಿ ‘ಬಾ ತಮಾ, ಆಸ್ರಿಗೆ ಎಂತ ಕುಡೀತೆ?’ ಎಂದಾಗ ಮನೆಯೇ ಕಣ್ಣಿಗೆ ಬರುತ್ತದೆ. ಕಾರವಾರದ ಮೀನು ಪೇಟೆಯಲ್ಲಿ ಕೊಂಕಣಿ ಕೇಳದಿದ್ದರೆ ಅದು ಕಾರವಾರವೇ ಅಲ್ಲ. ಆದರೆ ನಿಮಗೆ ಬಾರದ ಆಡುಮಾತನ್ನು ಊಹಿಸಿ ಬರೆಯಬೇಡಿ. ಹಾಲಕ್ಕಿ ಪಾತ್ರಕ್ಕೆ ಹವ್ಯಕರ ಮಾತು ಹಾಕಿದರೆ ಎರಡೂ ಕಡೆಯವರಿಗೆ ನೋವಾಗುತ್ತದೆ. ಗೊತ್ತಿಲ್ಲದಲ್ಲಿ ಸರಳ ಕನ್ನಡವೇ ಮೇಲು. ಇನ್ನೊಂದು ಮಾತು: ಊರ ಭಾಷೆಯನ್ನು ಕೆಲಸದವರ, ಮುದುಕರ, ನಗಿಸುವವರ ಬಾಯಿಗೆ ಮಾತ್ರ ಕೊಟ್ಟು, ಓದಿದ ನಾಯಕನಿಗೆ ಪುಸ್ತಕದ ಕನ್ನಡ ಕೊಡುವುದು ಓದುಗರಿಗೆ ಮಾಡುವ ಅವಮಾನ. ಅವರಿಗೆ ಅದು ತಕ್ಷಣ ತಿಳಿಯುತ್ತದೆ.

ಉದ್ದದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಂಕೋಲೆಯ ದಿನಕರ ದೇಸಾಯಿಯವರು (1909–1982) ಗೇಣಿ ರೈತರ ಹೋರಾಟ ಕಟ್ಟಿದವರು, ಕೆನರಾ ವೆಲ್‌ಫೇರ್ ಟ್ರಸ್ಟ್ ಮೂಲಕ ಶಾಲೆಗಳನ್ನು ತೆರೆದವರು, ಸಂಸತ್ತಿಗೂ ಹೋದವರು. ಅವರು ಹಿಡಿದ ದಾರಿ ನಾಲ್ಕು ಸಾಲಿನ ಚುಟುಕ. ನಾಲ್ಕು ಸಾಲನ್ನು ಜನ ಬಾಯಲ್ಲಿ ಇಟ್ಟುಕೊಳ್ಳಬಲ್ಲರು, ಸಭೆಯಲ್ಲೂ ಚಹಾ ಅಂಗಡಿಯಲ್ಲೂ ಹೇಳಬಲ್ಲರು. ನಿಮ್ಮ ಸಂಗತಿಗೆ ನಾಲ್ಕು ಸಾಲು ಸಾಕಾದರೆ ನಾಲ್ಕೇ ಬರೆಯಿರಿ.

ನಗುವನ್ನು ಕೀಳು ಎಂದುಕೊಳ್ಳಬೇಡಿ. ಯಕ್ಷಗಾನದಲ್ಲಿ ಹಾಸ್ಯಗಾರರು ರಂಗಕ್ಕೆ ಬಂದಾಗ ಮಲಗಿದ ಮಕ್ಕಳೂ ಏಳುತ್ತಾರೆ.

ನೋವಿನ ಸಂಗತಿ ಬರೆಯುವಾಗ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ಮಣ್ಣು ಗಂಗಾವಳಿ ನದಿಗೆ ಜಾರಿತು, ಉಕ್ಕಿದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಇಂಥದ್ದು ನಡೆದಾಗ ಬರೆಯುವವರ ಕೈ ಸುಮ್ಮನಿರುವುದಿಲ್ಲ, ಇರಲೂಬಾರದು. ಆದರೆ ಕಳೆದುಕೊಂಡವರೂ ಓದುತ್ತಾರೆ ಎಂಬುದನ್ನು ಪೆನ್ನು ಎತ್ತುವ ಮೊದಲೇ ನೆನಪಿಟ್ಟುಕೊಳ್ಳಬೇಕು.

ಒಂದು ಮನೆಯ ಸಾವನ್ನು ಬರೆಯುವುದಾದರೆ ಆ ಮನೆಯವರ ಒಪ್ಪಿಗೆ ಕೇಳಿ. ಬರೆದದ್ದನ್ನು ಅಚ್ಚಿಗೆ ಮೊದಲು ಅವರಿಗೆ ಓದಿ ಹೇಳಿ. ಅವರು ತೆಗೆಯಿರಿ ಎಂದದ್ದನ್ನು ಕಾರಣ ಕೇಳದೆ ತೆಗೆಯಿರಿ. ಕವಿಯ ಕಣ್ಣೀರಿನಿಂದ ಶುರುವಾಗುವ ಕವಿತೆಗಳು ನನಗೆ ಕಷ್ಟವಾಗುತ್ತವೆ. ಅಲ್ಲಿ ಗುಡ್ಡ ಕುಸಿದದ್ದು ಬೇರೆಯವರ ಮೇಲೆ. ಅದರ ಬದಲು ಹೋದವರು ಹೇಗೆ ಬದುಕಿದ್ದರು ಎಂದು ಬರೆಯಿರಿ: ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಿದ್ದರು, ಯಾರನ್ನು ಏನೆಂದು ಕರೆಯುತ್ತಿದ್ದರು, ಕೈಯಲ್ಲಿ ಯಾವ ಕೆಲಸವಿತ್ತು. ತಮ್ಮವರು ಪುಟದ ಮೇಲೆ ಇದ್ದ ಹಾಗೇ ಇದ್ದಾರೆ ಎಂದು ಮನೆಯವರಿಗೆ ಅನಿಸಿದರೆ ಆ ಬರಹ ಅವರಿಗೆ ಸ್ವಲ್ಪ ಸಮಾಧಾನ ಕೊಡಬಲ್ಲದು.

ಬರೆದದ್ದನ್ನು ಕೈಗೆ ಮುಟ್ಟಿಸುವುದು

ಜಿಲ್ಲೆಯ ದಿನಪತ್ರಿಕೆಗಳು, ರಾಜ್ಯದ ವಾರಪತ್ರಿಕೆಗಳು, ದೀಪಾವಳಿ ವಿಶೇಷಾಂಕಗಳು ಎಲ್ಲರಿಗೂ ತಿಳಿದ ದಾರಿ. ವಿಶೇಷಾಂಕಕ್ಕೆ ಕಳಿಸುವುದಾದರೆ ಮಳೆಗಾಲದಲ್ಲೇ ಕಳಿಸಬೇಕು, ಹಬ್ಬ ಹತ್ತಿರ ಬಂದಾಗ ಪುಟಗಳು ತುಂಬಿರುತ್ತವೆ. ಕಾರವಾರ ಆಕಾಶವಾಣಿಗೆ ಬರೆಯುವಾಗ ವಾಕ್ಯಗಳನ್ನು ಇನ್ನಷ್ಟು ಚಿಕ್ಕದು ಮಾಡಿ. ಕೇಳುವವರು ಪುಟ ಹಿಂದೆ ತಿರುವಲಾರರು.

ಹೆಚ್ಚಿನವರು ಮರೆಯುವುದು ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು. ಅವುಗಳಿಗೆ ಈಗ ಅರಿವು ಕೇಂದ್ರ ಎಂದು ಹೆಸರು. ಪುಸ್ತಕದ ಒಂದು ಪ್ರತಿ ಕೊಟ್ಟು ಬರುವುದರಲ್ಲಿ ಪ್ರಯೋಜನ ಕಡಿಮೆ. ಗ್ರಂಥಾಲಯ ನೋಡಿಕೊಳ್ಳುವವರೊಂದಿಗೆ ಮಾತಾಡಿ, ಒಂದು ರಜೆಯ ದಿನ ಗೊತ್ತು ಮಾಡಿ, ಮಕ್ಕಳಿಗೂ ದೊಡ್ಡವರಿಗೂ ಒಂದೇ ಒಂದು ಕಥೆ ಓದಿ ಹೇಳಿ, ಪ್ರತಿಯನ್ನು ಆಮೇಲೆ ಕಪಾಟಿಗೆ ಕೊಡಿ. ಅರ್ಧ ಕೇಳಿದ ಪುಸ್ತಕವನ್ನು ಹುಡುಕಿಕೊಂಡು ಬರುತ್ತಾರೆ. ನಿಮ್ಮ ಕಥೆ ನಡೆಯುವ ಊರಿಗೆ ಮೊದಲು ಹೋಗಿ. ಗಜನಿಯ ಕಥೆ ಕುಮಟೆಯ ಗಜನಿಯವರಿಗೆ ಮೊದಲು ಕೇಳಿಸಲಿ, ಬೆಂಗಳೂರಿನ ಸಭಾಂಗಣಕ್ಕೆ ಆಮೇಲೆ ಹೋದರೂ ನಡೆಯುತ್ತದೆ.

ಹೆಚ್ಚಿನ ಓದು ಈಗ ಫೋನಿನಲ್ಲೇ ನಡೆಯುತ್ತದೆ, ಅದೂ ಬಸ್ಸಿನಲ್ಲಿ. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವಾಗ ನೆಟ್‌ವರ್ಕ್ ಹೋಗುತ್ತದೆ. ವಾಟ್ಸಾಪ್‌ನಲ್ಲಿ ಬರಹ ಕಳಿಸುವಾಗ ಕೊಂಡಿ ಕಳಿಸದೆ ಪೂರ್ತಿ ಬರಹವನ್ನೇ ಕಳಿಸಿದರೆ ಅವರು ಘಟ್ಟದಲ್ಲೂ ಓದಬಲ್ಲರು. ಪ್ಯಾರಾ ಚಿಕ್ಕದಿರಲಿ. ದಿನಕ್ಕೊಂದು ಕಳಿಸಬೇಡಿ.

ಓದಿದವರು ಬರೆದಾಗ

ಒಂದು ಪತ್ರ, ಒಂದು ಫೋನ್, ಪೇಟೆಯಲ್ಲಿ ಸಿಕ್ಕಾಗ ಆಡಿದ ಒಂದು ಮಾತು, ಯಾವುದಕ್ಕೂ ಉತ್ತರ ಕೊಡದೆ ಬಿಡಬೇಡಿ. ‘ಧನ್ಯವಾದ’ ಎಂದಷ್ಟೇ ಹೇಳಿ ಮುಗಿಸುವುದಕ್ಕಿಂತ ‘ನಿಮ್ಮ ಕಡೆ ಇದನ್ನು ಹೇಗೆ ಹೇಳುತ್ತಾರೆ?’, ‘ನಿಮ್ಮ ಮನೆಯಲ್ಲೂ ಹೀಗಿತ್ತಾ?’ ಎಂದು ಒಂದು ಪ್ರಶ್ನೆ ಸೇರಿಸಿ. ಮಾತು ಮುಂದುವರಿಯುತ್ತದೆ, ಎಷ್ಟೋ ಸಲ ಮುಂದಿನ ಕಥೆ ಅಲ್ಲಿಂದಲೇ ಬರುತ್ತದೆ. ಅದನ್ನು ಬರೆಯುವುದಾದರೆ ಹೇಳಿದವರನ್ನು ಕೇಳಿಯೇ ಬರೆಯಿರಿ.

ತಪ್ಪು ತೋರಿಸಿ ಬರೆಯುವವರು ನಿಮ್ಮನ್ನು ಎಲ್ಲರಿಗಿಂತ ಗಮನವಿಟ್ಟು ಓದಿದವರು. ಅವರ ಹೆಸರು, ವಿಳಾಸ, ಪುಟದ ಸಂಖ್ಯೆ ಒಂದು ನೋಟ್‌ಬುಕ್ಕಿನಲ್ಲಿ ಇಟ್ಟುಕೊಳ್ಳಿ. ಅವರು ಹೇಳಿದ್ದನ್ನು ಇನ್ನೊಬ್ಬರಲ್ಲಿ ವಿಚಾರಿಸಿ, ಸರಿಯಿದ್ದರೆ ಹಾಗೆಂದು ತಿಳಿಸಿ. ಎರಡನೆಯ ಮುದ್ರಣ ಆದಾಗ ತಿದ್ದಿದ ಪುಟದಲ್ಲಿ ಒಂದು ಚೀಟಿ ಇಟ್ಟು ಪ್ರತಿಯನ್ನು ಅವರ ವಿಳಾಸಕ್ಕೆ ಅಂಚೆಯಲ್ಲಿ ಕಳಿಸಿ. ಅಂಗಡಿಗೆ ಕಟ್ಟು ಕಳಿಸುವುದು ಅದಾದ ಮೇಲೆ.